ಹಿತ್ತಲ ಕಲ್ಲಿನಾಥ

ತೊಗರಿಹಾಳದ ಸರಕಾರಿ ಶಾಲೆಯ ದೇವೀಂದ್ರಪ್ಪ ಮಾಸ್ತರರು ಸುಳ್ಳು ಹೇಳುವ ಮನುಷ್ಯರಲ್ಲ. ಸುಳ್ಳು ಹೇಳಬೇಕಾದರೆ ಖರೆ ಯಾವುದೆಂಬುದು ಮೊದಲು ನೆನಪಿರಬೇಕು. ಅವರಿಗೆ ಅದೇ ನೆನಪಿರುತ್ತಿರಲಿಲ್ಲ. ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡು ಇಡೀ ಶಾಲೆಯಿಂದ ಅದನ್ನು ಹುಡುಕಿಸುವವರು ಅವರು. ಆಳಂದದ ಬಸ್ಸಿನಲ್ಲಿ ಕಂಡಕ್ಟರ್ "ಯಾರ್ರೀ ಟಿಕೇಟು?" ಎಂದು ಕೂಗಿದರೆ "ಹಾಜರ್ ಸಾರ್" ಎಂದು ಎದ್ದು ನಿಲ್ಲುವವರು. ಅಂಥವರು ಆಳಂದದ ಮಾಸ್ತರರ ಸಭೆಯಲ್ಲಿ ಹೇಳಿದ ಮಾತು ಸುಳ್ಳೂ ಅಲ್ಲ, ಖರೆಯೂ ಅಲ್ಲ. ಅದು ನಿದ್ದೆ.

ಊರಿಗೆ ಕರೆಂಟು ಬಂದು, ಬಂದಷ್ಟೇ ಜಲ್ದಿ ಹೋಗುವುದನ್ನೂ ಕಲಿತಿದ್ದ ಎಂಬತ್ತರ ಸುಮಾರಿನ ಮಾತು ಇದು. ಸಭೆಯಲ್ಲಿ ಊಟ ಮುಗಿದಿತ್ತು. ಇನ್ಸ್‌ಪೆಕ್ಟರ್ ದೌಲತರಾಯ ಸಾಹೇಬರು ಎದ್ದು ನಿಂತು, "ನಮ್ಮ ತಾಲೂಕಿನ ಹುಡುಗ್ರು ಬೋರ್ಡ್ ನೋಡಿ ನಕಲ ಹೊಡೀತಾವ, ತಮ್ಮ ತಲಿಯಿಂದ ಒಂದ ಸಾಲ ಬರಿಯಂಗಿಲ್ಲ. ತಮ್ಮಷ್ಟಕ್ಕ ತಾವ ಖುಷಿಲಿಂದ ಬರಿಯೋ ಹುಡುಗ್ರು ಯಾರ ಸಾಲ್ಯಾಗರೆ ಅದಾವೇನ್ರಿ?" ಎಂದು ಕೇಳಿದರು. ಸಭೆ ನೆಲ ನೋಡಿತು. ಅಷ್ಟರಲ್ಲಿ ಪಕ್ಕದವರ ಮೊಳಕೈ ತಾಗಿ ದೇವೀಂದ್ರಪ್ಪನವರಿಗೆ ಎಚ್ಚರಾಯಿತು. ಕೈ ಎತ್ತಿ, ಎದ್ದು, "ಹಾಜರ್ ಸಾರ್" ಎಂದರು.

"ಭೇಷ್!" ಎಂದರು ಸಾಹೇಬರು. ಸಭೆ ಚಪ್ಪಾಳೆ ಹೊಡೆಯಿತು.

ಇಲ್ಲಿಯತನಕದ ತಪ್ಪು ನಿದ್ದೆಯದು. ಮುಂದಿನದು ಚಪ್ಪಾಳೆಯದು. ದೇವೀಂದ್ರಪ್ಪನವರಿಗೆ ಜನ್ಮದಲ್ಲಿ ಯಾರೂ ಚಪ್ಪಾಳೆ ಹೊಡೆದಿರಲಿಲ್ಲ. ಮದುವೆಯಲ್ಲಿ ಹೊಡೆದದ್ದು ಬ್ಯಾಂಡಿನವರಿಗೆ. ಅದರ ರುಚಿ ಹತ್ತಿದ ಕೂಡಲೇ ಅವರ ನಾಲಿಗೆ ತಾನೇ ಮುಂದೆ ಹೋಯಿತು: "ನಮ್ಮ ಹುಡುಗ್ರಿಗಿ ರೊಟ್ಟಿ ಕೊಡದಿದ್ರ ನಡೀತದ್ರಿ ಸಾಹೇಬ್ರ, ಬಳಪ ಕೊಡದಿದ್ರ ನಡಿಯಂಗಿಲ್ಲ!"

"ಹಂಗಾರ ಎಳ್ಳಮಾಸಿ ಆದ ಮ್ಯಾಲ ನಾನ ಬರ್ತೇನಿ, ನೋಡ್ತೇನಿ" ಎಂದರು ಸಾಹೇಬರು.

ಮನೆಗೆ ಬಂದು ಸುದ್ದಿ ಹೇಳಿದಾಗ ಹೆಂಡತಿ ಸುಭದ್ರಾಬಾಯಿ ರೊಟ್ಟಿ ಬಡಿಯುವ ಕೈ ನಿಲ್ಲಿಸಿದಳು. "ಬಳಪ ಕೊಡದಿದ್ರ ನಡಿಯಂಗಿಲ್ಲ ಅನ್ನೂದು ಖರೇನ ಅದ. ಮೊನ್ನಿ ಡಬ್ಬಿ ತುಂಬ ಕೊಟ್ರಿ, ಎಲ್ಲಾ ಕಡದ ತಿಂದಾವ. ಸಾಹೇಬ್ರು ಬಂದಾಗ ಬರದ ತೋರಸ್ತೀರೋ, ತಿಂದ ತೋರಸ್ತೀರೋ?"

ನಾಲ್ಕನೇ ಇಯತ್ತೆಯ ಮಕ್ಕಳು ಶಾಲೆಯ ಹಿಂದೆ ಬಿಸಿಲಲ್ಲಿ ಕೂಡುತ್ತಿದ್ದರು. ಶಾಲೆಗಿದ್ದದ್ದು ಒಂದೇ ಖೋಲಿ, ಅದರಲ್ಲಿ ಚಿಕ್ಕವರು ಒಬ್ಬರ ಮೇಲೊಬ್ಬರು ಕೂತಿರುತ್ತಿದ್ದರು. ಇನ್ನೊಂದು ಖೋಲಿ ಕಟ್ಟಲೆಂದು ಸರಕಾರ ಹಿಂದಿನ ವರ್ಷವೇ ಶಹಾಬಾದದ ಫರಸಿ ಕಲ್ಲು ಕಳಿಸಿತ್ತು. ಗೋಡೆಗೂ ಅದೇ, ಮಾಳಿಗೆಗೂ ಅದೇ. ಕಲ್ಲು ಬಂದವು, ಖೋಲಿ ಬರಲಿಲ್ಲ. ಹಿತ್ತಲಲ್ಲಿ ಒಟ್ಟಿದ ಆ ಕಲ್ಲು ತಿಂಗಳಿಂದ ತಿಂಗಳಿಗೆ ಕಡಿಮೆಯಾಗುವುದನ್ನು ಮಾಸ್ತರರು ಕಂಡಿದ್ದರು. ಕಂಡು, ವಿಚಾರ ಮಾಡಿ, ಒಂದು ತೀರ್ಮಾನಕ್ಕೂ ಬಂದಿದ್ದರು: "ಕರೀ ಎರಿ ಭೂಮಿ. ಮಳಿಗಾಲದಾಗ ಬಂಡಿ ಗಾಲಿ ಇಳಿಯಂಗಿಲ್ಲೇನು? ಹಂಗ ಕಲ್ಲ ಇಳಿಯಾಕತ್ತಾವ." ಇಳಿದ ಕಲ್ಲು ಎಲ್ಲಿ ಏಳುತ್ತಿವೆ ಎಂಬುದು ಊರ ಮಕ್ಕಳಿಗೆಲ್ಲ ಗೊತ್ತಿತ್ತು. ಚಂದ್ರಾಮಪ್ಪ ಗೌಡರ ಹೊಸ ದನದ ಮನೆಯಲ್ಲಿ. ಗೌಡರೇ ಶಾಲಾ ಕಮಿಟಿಯ ಅಧ್ಯಕ್ಷರು, ಆದ್ದರಿಂದ ಅದಕ್ಕೆ ಕಳವು ಎನ್ನುವ ಹಾಗಿರಲಿಲ್ಲ.

ಈ ಮಕ್ಕಳು ಮಾತಿಗೆ ಕುಳಿತರೆ ಮಾತು ಬಸ್ಸು ಹಿಡಿದು ಮಾದನಹಿಪ್ಪರಗಿಗೆ ಹೋಗಿ ಬರುತ್ತಿತ್ತು. ಬರೆಯಿರಿ ಎಂದರೆ ಮಾತ್ರ ಊರಿನ ರೋಗಗಳೆಲ್ಲ ಅಲ್ಲಿಗೇ ಬರುತ್ತಿದ್ದವು. ಒಬ್ಬನಿಗೆ ಹೊಟ್ಟೆ ನೋವು, ಒಬ್ಬನಿಗೆ ಕೈ ಉಳುಕು, ಒಬ್ಬಳಿಗೆ ಮನೆಯಲ್ಲಿ ತಮ್ಮ ಅಳುವುದು ಅಲ್ಲಿಂದಲೇ ಕೇಳುವುದು. ಮಾಸ್ತರರು ಬೋರ್ಡಿನ ಮೇಲೆ "ಆಕಳು ಒಂದು ಸಾಧು ಪಶು" ಎಂದು ಬರೆದರೆ ಇಡೀ ವರ್ಗ ಅದನ್ನೇ ಬರೆಯುವುದು; ಮುಂದೆ ನಿಮ್ಮ ಮನಸ್ಸಿನಿಂದ ಬರೆಯಿರಿ ಎಂದರೆ ಮತ್ತೆ ಅದನ್ನೇ ಬರೆಯುವುದು. ಸೈಕಲ್ ಅಂಗಡಿ ಗೌಸಮೊಹಿದ್ದೀನನ ಮಗ ಬಂದೇನವಾಜನನ್ನು ಆಕಳೇ ಹಾಯ್ದು, ಅವನ ಕೈಗೆ ನಾಲ್ಕು ಹೊಲಿಗೆ ಬಿದ್ದಿದ್ದವು. ಅವನೂ ಪಾಟಿಯ ಮೇಲೆ ಬರೆದದ್ದು "ಆಕಳು ಒಂದು ಸಾಧು ಪಶು."

ಎಲ್ಲರಿಗಿಂತ ಗಟ್ಟಿ ಆಸಾಮಿ ಮಲ್ಕಮ್ಮ. ಗೌಡರ ಹೊಲದಲ್ಲಿ ಕೂಲಿ ಮಾಡುವ ಸಾಬವ್ವನ ಮಗಳು. ಅವಳು ಪಾಟಿಯ ಮೇಲೆ ಬರೆಯುತ್ತಿರಲಿಲ್ಲ, ಕೂಡುತ್ತಿದ್ದಳು. ಸಾಬವ್ವ ಬಂದು ಹೇಳಿಯೇ ಹೋಗಿದ್ದಳು: "ಮಾಸ್ತರ್ರ, ಸಾಹೇಬ್ರು ಬಂದಾಗ ಇದು ನಾಕ ಸಾಲ ಬರದ್ರ ಸಾಲ್ಯಾಗ ಇರ್ತದ. ಇಲ್ಲಂದ್ರ ಗೌಡ್ರ ಕರ ಕಾಯಾಕ ಹಾಕ್ತೇನಿ. ಖಾಲಿಪೀಲಿ ಪಾಟಿ ಸವಸೂದು ಯಾಕ?"

"ಯಾಕ ಬರಿಯಂಗಿಲ್ಲ ಬೇ ನೀ?" ಎಂದು ಮಾಸ್ತರರು ಮಲ್ಕಮ್ಮನನ್ನು ಕೇಳಿದರು.

"ಬರದ್ರ ಏನ ಮಾಡ್ತೀರಿ?"

"ಓದ್ತೇನಿ."

"ಆಮ್ಯಾಲ?"

"ಆಮ್ಯಾಲ ಒರಸ್ತೇನಿ. ಮತ್ತ ಬರಿಯಾಕ ಜಾಗ ಬೇಕಲ್ಲ."

"ಒರಸೂದಕ್ಕ ಯಾಕ ಬರೀಬೇಕ್ರಿ? ಬರಿಯದಿದ್ರ ಮೊದಲ ಒರಸಿದಂಗ ಇರ್ತದಲ್ಲ."

ದೇವೀಂದ್ರಪ್ಪನವರು ಪಾಟಿ ಒರೆಸುವ ತಮ್ಮ ತೋಳನ್ನು ನೋಡಿಕೊಂಡರು. ಅಂಗಿಯ ಬಲತೋಳು ಬಿಳಿ ಬಿಳಿ ಆಗಿತ್ತು. ಎಷ್ಟೋ ವರ್ಷಗಳ ಮಕ್ಕಳ ಬರವಣಿಗೆಯೆಲ್ಲ ಆ ತೋಳಿಗೇ ಹತ್ತಿತ್ತು.

ಸೋಮವಾರ ಪ್ರಾರ್ಥನೆಯಲ್ಲಿ ವಚನ ಹಾಡುವುದು ರೂಢಿ. ಅಂದು ಹಾಡು ಮುಗಿದದ್ದೇ ಮಲ್ಕಮ್ಮ ಎದ್ದು ನಿಂತಳು.

"ಪ್ರತಿ ವಚನದ ಕಡೀಕ ದೇವ್ರ ಹೆಸರು ಯಾಕ ಬರ್ತದ್ರಿ? ದೇವ್ರಿಗಿ ಮರವು ಅದ ಏನು?"

"ಅದು ಅಂಕಿತ ಬೇ. ಒಬ್ಬೊಬ್ಬ ಶರಣಂದು ಒಂದೊಂದು. ಈ ಮಾತ ಯಾರದು ಅಂತ ಅದರಿಂದ ತಿಳೀತದ. ಆಡಿದವರು ಹೋಗಿ ಎಷ್ಟ ವರ್ಷ ಆತು! ಮಾತ ಇನ್ನಾ ಅವರದ ಅದ ನೋಡು."

"ಯಾರೂ ಒರಸಿಲ್ಲ?"

"ಹೆಂಗ ಒರಸ್ತಾರ? ಅಂಕಿತ ಐತಲ್ಲ!"

ವರ್ಗದಲ್ಲಿ ಎಲ್ಲರೂ ಒಮ್ಮೆಲೇ ಎದ್ದರು. "ನಮಗೂ ಒಂದೊಂದ ಕೊಡ್ರಿ ಸರ್ರೀ!" ದೇವೀಂದ್ರಪ್ಪನವರು ಚಾಕಲೇಟು ಕೊಡುವವರಂತೆ "ನೀವ ಆರಿಸ್ಕೋರಿ" ಎಂದುಬಿಟ್ಟರು. ದೊಡ್ಡ ದೊಡ್ಡ ಘಟನೆಗಳೆಲ್ಲ ಹೀಗೇ, ಯಾರೋ ಬೇರೆ ಏನನ್ನೋ ಯೋಚಿಸುತ್ತಿದ್ದಾಗ ಆಗಿಬಿಡುತ್ತವೆ. ಅವರು ಆಗ ಯೋಚಿಸುತ್ತಿದ್ದದ್ದು ಕನ್ನಡಕ ಎಲ್ಲಿದೆ ಎಂದು.

ಮಧ್ಯಾಹ್ನದೊಳಗೆ ತೊಗರಿಹಾಳದಲ್ಲಿ ಹೊಸ ಶರಣರ ಒಂದು ತಂಡವೇ ಹುಟ್ಟಿತ್ತು. ಒಬ್ಬನದು "ಶೇಂಗಾಹೋಳಿಗೆಪ್ರಿಯ ಗುರುಲಿಂಗ". ಒಬ್ಬಳದು "ಅವ್ವ ಬೈದರೂ ಹೆದರದ ಸಂಗಯ್ಯ". ಬಂದೇನವಾಜ, "ನಾವು ಸಾಬರು. ನಮಗ ಕೊಡ್ತೀರೇನ್ರಿ?" ಎಂದು ಕೇಳಿ, ಕೊಡುತ್ತಾರೆಂದು ಗೊತ್ತಾದ ಮೇಲೆ ಅಪ್ಪನ ಅಂಗಡಿಯ ಗೌರವಕ್ಕಾಗಿ "ಪಂಕ್ಚರಪ್ರಭುವೇ" ಎಂದಿಟ್ಟುಕೊಂಡ. ಅವನು ಆ ದಿನವೇ ಬರೆದ: "ಆಕಳು ಸಾಧು ಎಂದವರು ಯಾರಯ್ಯಾ? ನನ್ನ ಕೈ ನೋಡಯ್ಯಾ, ಪಂಕ್ಚರಪ್ರಭುವೇ." ಅದನ್ನೋದಿ ಮಾಸ್ತರರ ತೋಳು ರೂಢಿಯಂತೆ ಒರೆಸಲು ಬಂತು. ಬಂದೇನವಾಜ ಪಾಟಿಯನ್ನು ಎದೆಗೆ ಅವುಚಿಕೊಂಡು ಓಡಿದ.

ಮಲ್ಕಮ್ಮ ತನ್ನ ಅಂಕಿತ ಯಾರಿಗೂ ಹೇಳಲಿಲ್ಲ. ಬಂದೇನವಾಜನ ಹತ್ತಿರ ಸೈಕಲ್ ಚಕ್ರದ ಒಂದು ಮುರುಕು ಕಡ್ಡಿ ಇಸಿದುಕೊಂಡಳು. ಊಟದ ಬಿಡುವಿನಲ್ಲಿ ಹಿತ್ತಲ ಕಲ್ಲಿನ ಒಟ್ಟಿಲ ಮೇಲೆ ಬೋರಲು ಮಲಗಿ ಏನೋ ಕೆರೆಯುತ್ತಿದ್ದಳು. ಮಾಸ್ತರರು ಕಂಡರು. ಹುಡುಗಿಗೆ ಹೊಟ್ಟೆನೋವಿರಬೇಕು ಎಂದುಕೊಂಡು, ಪಾಪ ಎನಿಸಿ, ಸುಮ್ಮನಾದರು.

ಎಳ್ಳಮಾಸಿ ಹತ್ತಿರ ಬಂತು. ಬಜ್ಜಿ, ಕಡುಬು, ಸಜ್ಜೆರೊಟ್ಟಿ ಗಂಟು ಕಟ್ಟಿಕೊಂಡು ಊರೆಲ್ಲ ಹೊಲಕ್ಕೆ ಹೋಗಿ ಉಣ್ಣುವ ಹಬ್ಬ. ಗೌಡರು ಹಬ್ಬಕ್ಕೆ ಮೊದಲೇ ದನದ ಮನೆ ಮುಗಿಯಬೇಕೆಂದು ಹಟ ಹಿಡಿದು, ಉಳಿದ ಕಲ್ಲಿಗೂ ಬಂಡಿ ಕಳಿಸಿದರು. ಕೆಸರು ಮೆತ್ತಿದ ಕಲ್ಲು ಹೋಗಿ ಗೋಡೆಯಾಗಿ ನಿಂತವು. ಮಾಸ್ತರರು ಮರುದಿನ ಖಾಲಿ ಹಿತ್ತಲು ನೋಡಿ, "ಒಂದೂ ಬಿಡದಂಗ ನುಂಗೇದಲ್ಲ ಈ ಭೂಮಿ!" ಎಂದು ಬೆರಗಾದರು.

ಹೊಸ ಗೋಡೆಗೆ ನೀರು ಹಾಕಿ ತೊಳೆಯಲು ಬಂದವರು ಗೌಡರ ತಾಯಿ ಸುಂದರಬಾಯಿ. ಕೆಸರು ಇಳಿದ ಹಾಗೆ ಕಲ್ಲಿನ ಮೈಮೇಲೆ ಸೊಟ್ಟ ಸೊಟ್ಟ ಗೆರೆ ಮೂಡಿದವು. ಮುದುಕಿಗೆ ಓದಲು ಬರುತ್ತಿರಲಿಲ್ಲ. ಬಂದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. "ಚಂದ್ರಾಮಾ! ಕಲ್ಲ ಮಾತಾಡಾಕತ್ತದೋ!" ಎಂದು ಕೂಗಿಕೊಂಡರು. ಗೌಡರು ಬಂದರು, ಆಳುಗಳು ಬಂದರು, ಕೊನೆಗೆ ಶ್ರಾವಣದಲ್ಲಿ ಮಠದಲ್ಲಿ ಪುರಾಣ ಹೇಳುವ ದೊಡ್ಡಪ್ಪನವರನ್ನು ಕರೆಸಲಾಯಿತು. ಅವರು ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಒಂದೊಂದೇ ಅಕ್ಷರ ಬೆರಳಿಂದ ಮುಟ್ಟಿ ಓದಿದರು:

"ಓದುವ ಮನೆಗೆ ಬಂದ ಕಲ್ಲು
ಮೇಯುವ ಮನೆಗೆ ಹೋಯಿತಯ್ಯಾ.
ಪಶುವಿಗೆ ನೆರಳಾಯಿತು,
ಶಿಶುವಿಗೆ ಬಿಸಿಲಾಯಿತು.
ಪಶುವೇ ಓದಲಿ, ನಾ ಮೇಯುವೆ,
ಹಿತ್ತಲ ಕಲ್ಲಿನಾಥ."

ದೊಡ್ಡಪ್ಪನವರ ಕಣ್ಣಲ್ಲಿ ನೀರು ಬಂತು. "ಗೌಡ್ರ, ಇದು ವಚನ! ಯಾವ ಹೊತ್ತಗ್ಯಾಗೂ ಇಲ್ಲದ ವಚನ! ಅಕ್ಷರದ ವಳಣ ನೋಡ್ರಿ, ಎಂಥಾ ಹಳೀ ಕಾಲದ್ದು! ಈಗಿನವರಿಗಿ ಇಷ್ಟ ಸೊಟ್ಟ ಬರಿಯಾಕ ಬರಂಗೇ ಇಲ್ಲ."

"ಅರ್ಥ ಏನ್ರಿ?"

"ಓದುವ ಮನಿ ಅಂದ್ರ ಆತ್ಮ. ಮೇಯುವ ಮನಿ ಅಂದ್ರ ಈ ದೇಹ. ಕಲ್ಲಂದ್ರ ಸಾಕ್ಷಾತ್ ಲಿಂಗ. ಪಶು ಅಂದ್ರ ಇಂದ್ರಿಯ. ಅಬ್ಬಬ್ಬಾ, ಎಂಥಾ ಅನುಭಾವಿ!"

"ಹಂಗಾರ ಇದು ನಮ್ಮ ದನದ ಮನ್ಯಾಗ ಹೆಂಗ ಬಂತು?" ಎಂದು ಆಳೊಬ್ಬ ಕೇಳಿದ. ಗೌಡರು ಅವನನ್ನು ಎಮ್ಮೆ ನೋಡಲು ಕಳಿಸಿದರು.

ಆ ಕ್ಷಣದಿಂದ ಚಂದ್ರಾಮಪ್ಪ ಗೌಡರ ನಡಿಗೆಯೇ ಬದಲಾಯಿತು. ನಿಂಬರ್ಗಾದಿಂದ ಬೀಗರು ಬಂದು ನೋಡಿ ಹೋದರು. ಗೊಬ್ಬೂರಿನವರು ಬಂಡಿ ಕಟ್ಟಿಕೊಂಡು ಬಂದು, ತೆಂಗಿನಕಾಯಿ ಒಡೆದು, ಅದರ ಹೋಳನ್ನು ಎಮ್ಮೆ ತಿಂದದ್ದೂ ಒಂದು ಮಹಿಮೆ ಎಂದು ಹೇಳಿಕೊಂಡು ಹೋದರು. ಸುಂದರಬಾಯಿ ಮುಂಜಾನೆ ಎದ್ದು ಕಲ್ಲಿಗೆ ಹಾಲು ಹಾಕಿ, ವಿಭೂತಿ ಹಚ್ಚಿ, ಆಮೇಲೇ ಚಹಾ ಕುಡಿಯುವರು. ಗೌಡರು ಕಲ್ಲಿನ ಪಕ್ಕ ನಿಂತು ಬಂದವರಿಗೆಲ್ಲ ಒಂದೇ ಮಾತು ಹೇಳುವರು: "ಶರಣರು ಎಲ್ಲಾ ಬಿಟ್ಟು ನಮ್ಮ ಮನೀಗೇ ಯಾಕ ಬಂದ್ರು ಅಂತೀರಿ? ಪುಣ್ಯ ಇರ್ಬೇಕ್ರಿ, ಪುಣ್ಯ."

ದೇವೀಂದ್ರಪ್ಪನವರೂ ಹೋಗಿ ನೋಡಿದರು. ಓದಿದರು. ಕೈ ಮುಗಿದರು. ಮರುದಿನ ವರ್ಗದಲ್ಲಿ ಆ ವಚನವನ್ನು ಬೋರ್ಡಿನ ಮೇಲೆ ಬರೆದು, "ನೋಡ್ರಿ, ಇದು ಬರವಣಿಗಿ! ಇಂಥಾದ್ದ ಒಂದ ಸಾಲ ಬರದ್ರ ಜನ್ಮ ಸಾರ್ಥಕ. ಸಾಹೇಬ್ರು ಬಂದಾಗ ಇದನ್ನ ಎಲ್ಲಾರೂ ಬರದ ತೋರಸ್ರಿ. ಗೌಡ್ರ ಅಪ್ಪಣಿ ಆಗೇದ" ಎಂದರು.

ಮಕ್ಕಳು ನಕ್ಕರು. ನಗು ತಡೆಯಲಾರದೆ ಪಾಟಿ ಕಚ್ಚಿಕೊಂಡರು. ಬಂದೇನವಾಜ ನೆಲಕ್ಕೇ ಬಿದ್ದ.

"ಯಾಕಲೇ? ಶರಣರ ವಚನಕ್ಕ ನಗ್ತೀರಿ?"

"ಶರಣಿ ಇಲ್ಲೇ ಕುಂತಾಳ್ರಿ" ಎಂದ ಅವನು, ಬಿದ್ದಲ್ಲಿಂದಲೇ.

ಮಲ್ಕಮ್ಮ ಎದ್ದು ನಿಂತಳು. ಅವಳು ನಗುತ್ತಿರಲಿಲ್ಲ. "ಅದು ನಂದ್ರಿ. ಹಿತ್ತಲ ಕಲ್ಲಿನಾಥ ನನ್ನ ಅಂಕಿತ. ನೀವ ಹೇಳಿದ್ರಿ, ಅಂಕಿತ ಇದ್ರ ಯಾರ ಮಾತು ಅಂತ ತಿಳೀತದಂತ. ಯಾರಿಗೂ ತಿಳೀಲಿಲ್ಲ. ನಿಮಗೂ ತಿಳೀಲಿಲ್ಲ."

ಮಾಸ್ತರರು ಬೋರ್ಡಿನ ಕಡೆ ತಿರುಗಿ ಇನ್ನೊಮ್ಮೆ ಓದಿದರು. ಓದುವ ಮನೆ. ಮೇಯುವ ಮನೆ. ಖಾಲಿ ಹಿತ್ತಲು ನೋಡಿದರು. ಕಾಲ ಕೆಳಗಿನ ಎರೆ ಭೂಮಿಯನ್ನು ನೋಡಿದರು. ಇಷ್ಟು ದಿನ ಇಲ್ಲದ ಅಪವಾದ ಹೊತ್ತಿದ್ದ ಆ ಭೂಮಿಗೆ ಮನಸ್ಸಿನಲ್ಲೇ ತಪ್ಪು ಒಪ್ಪಿಕೊಂಡರು. ಆಮೇಲೆ ಕುರ್ಚಿಯ ಮೇಲೆ ಕುಳಿತರು. ಕುರ್ಚಿ ಅಲ್ಲಿರಲಿಲ್ಲ.

ನೆಲದ ಮೇಲಿಂದಲೇ ಅವರಿಗೆ ಮೊದಲು ಬಂದದ್ದು ಸಂತೋಷ. "ಮಲ್ಕಮ್ಮಾ, ನೀ ಬರದಿ! ನಿನ್ನ ತಲಿಯಿಂದ ನೀ ಬರದಿ! ಸಾಹೇಬ್ರ ಮುಂದ ಇನ್ನೊಂದ ಇಂಥಾದ್ದ ಬರಿ ಬೇ. ನಿಮ್ಮವ್ವ ಸಾಲಿ ಬಿಡಸಂಗಿಲ್ಲ!"

"ಬರಿಯಂಗಿಲ್ಲ" ಎಂದಳು ಮಲ್ಕಮ್ಮ. "ಅದು ನಂದು ಅಂತ ನೀವು ಎಲ್ಲಾರ ಮುಂದ ಹೇಳೋತನ ನಾ ಬರಿಯಂಗಿಲ್ಲ. ಕರ ಕಾಯ್ತೇನಿ. ಕರ ಯಾರ ಹೆಸರೂ ಒರಸಂಗಿಲ್ಲ."

ಆಗ ಅವರಿಗೆ ಬಂದದ್ದು ಹೆದರಿಕೆ. ಹೇಳಿದರೆ ಗೌಡರ ಪುಣ್ಯ ಹೋಗಿ ಕಳವು ಉಳಿಯುತ್ತದೆ. ಹೇಳದಿದ್ದರೆ ಈ ಹುಡುಗಿ ಕರುವಿನ ಹಿಂದೆ ಹೋಗುತ್ತಾಳೆ. ಮನೆಗೆ ಹೋಗಿ ಉಣ್ಣದೆ ಕುಳಿತರು. ಸುಭದ್ರಾಬಾಯಿ ಎಲ್ಲ ಕೇಳಿಸಿಕೊಂಡಳು.

"ಹೇಳಿದ್ರ ಎಲ್ಲಿಗಿ ಒಗೀತಾರ ನಿಮ್ಮನ್ನ?"

"ಜೇವರ್ಗಿ ಆಚಿ ಎಲ್ಲ್ಯಾರ."

"ಅಲ್ಲಿ ಜ್ವಾಳ ಛಲೋ ಬೆಳೀತದಂತ. ಹೇಳ್ರಿ. ಟ್ರಂಕ್ ನಾ ಕಟ್ತೇನಿ. ನೀವ ಕಟ್ಟಿದ್ರ ಬೀಗದ ಕೈ ಒಳಗ ಇಟ್ಟ ಬೀಗ ಹಾಕ್ತೀರಿ."

ಎಳ್ಳಮಾಸಿ ಕಳೆದು, ಬಜ್ಜಿಯ ವಾಸನೆ ಊರಿನ ಕೈಗಳಿಂದ ಇನ್ನೂ ಹೋಗಿರಲಿಲ್ಲ, ಸಾಹೇಬರ ಜೀಪು ಬಂತು. ಗೌಡರು ಅದನ್ನು ಶಾಲೆಗೆ ಹೋಗಲು ಬಿಡಲೇ ಇಲ್ಲ. ನೇರ ದನದ ಮನೆಗೇ ತಿರುಗಿಸಿದರು. ಊರೆಲ್ಲ ಸೇರಿತ್ತು. ತೊಗರಿ ಕೊಯ್ಯುವ ಹೆಂಗಸರು ಕುಡಗೋಲು ಸೆರಗಿಗೆ ಸಿಕ್ಕಿಸಿಕೊಂಡು ಬಾಗಿಲಲ್ಲಿ ನಿಂತಿದ್ದರು. ಅವರಲ್ಲಿ ಸಾಬವ್ವನೂ ಇದ್ದಳು. ನಾಲ್ಕನೇ ಇಯತ್ತೆಯನ್ನು ಎಮ್ಮೆಗಳ ಪಕ್ಕದಲ್ಲಿ ಸಾಲಾಗಿ ಕೂಡಿಸಿದ್ದರು. ಎಮ್ಮೆಗಳು ಮಕ್ಕಳಿಗಿಂತ ಶಿಸ್ತಿನಿಂದ ಇದ್ದವು.

ದೊಡ್ಡಪ್ಪನವರು ಆತ್ಮದಿಂದ ಸುರುಮಾಡಿ ಇಂದ್ರಿಯದತನಕ ಅರ್ಥ ಹೇಳಿದರು. ಈ ನಡುವೆ ಅರ್ಥ ಬೆಳೆದು ದೊಡ್ಡದಾಗಿತ್ತು. ಬಿಸಿಲೆಂದರೆ ಜ್ಞಾನ ಎಂಬುದೂ ಸೇರಿತ್ತು. ದೌಲತರಾಯ ಸಾಹೇಬರು ಟೋಪಿ ತೆಗೆದು ಕೈಯಲ್ಲಿ ಹಿಡಿದು ಕೇಳಿದರು.

"ಎಷ್ಟ ವರ್ಷದ್ದು ಇರಬಹುದ್ರಿ?"

"ಎಂಟನೂರಕ್ಕ ಕಮ್ಮಿ ಇಲ್ರಿ" ಎಂದರು ದೊಡ್ಡಪ್ಪನವರು.

"ಒಂಬತ್ತು" ಎಂದು ಹಿಂದಿನಿಂದ ಧ್ವನಿ ಬಂತು.

"ಒಂಬೈನೂರ?"

"ಒಂಬತ್ತು ವರ್ಷ್ರಿ." ದೇವೀಂದ್ರಪ್ಪ ಮಾಸ್ತರರು ಕೈ ಎತ್ತಿ ನಿಂತಿದ್ದರು. ಈ ಸಲ ಎಚ್ಚರವಿತ್ತು.

"ಕಲ್ಲಿಗೇನ್ರಿ?"

"ಬರದಾಕಿಗಿ. ಮಲ್ಕಮ್ಮ, ಏಳು ಬೇ. ಸಾಹೇಬ್ರ, ಹಿತ್ತಲ ಕಲ್ಲಿನಾಥ ಈಕಿ ಅಂಕಿತ. ನಮ್ಮ ಸಾಲಿ ಹಿತ್ತಲದಾಗ, ನಮ್ಮ ಸಾಲಿ ಕಲ್ಲಿನ ಮ್ಯಾಲ, ಸೈಕಲ್ ಕಡ್ಡಿಲಿಂದ ಈಕಿ ಬರದದ್ದು."

ಗೌಡರ ಮುಖ ತಂಬಾಕಿನ ಬಣ್ಣಕ್ಕೆ ಬಂತು. "ಮಾಸ್ತರಗ ಬಿಸಲ ಹತ್ಯಾದ! ಕರಕೊಂಡ ಹೋಗ್ರಿ!"

"ತಡೀರಿ" ಎಂದರು ಸುಂದರಬಾಯಿ. ಅವರು ಕೈಯಲ್ಲಿ ಹಾಲಿನ ಗಿಂಡಿ ಹಿಡಿದೇ ಮುಂದೆ ಬಂದರು. "ಏ ಹುಡುಗಿ, ನೀ ಬರದಿದ್ರ ನೀನ ಓದು. ನೀನ ಅರ್ಥ ಹೇಳು. ದೊಡ್ಡಪ್ಪ ಹೇಳಿದ್ದು ನನಗ ಒಂದ ದಿನ ತಿಳೀಲಿಲ್ಲ."

ಮಲ್ಕಮ್ಮ ಓದಿದಳು. ಪಾಟಿಯ ಮೇಲೆ ಕೂಡುತ್ತಿದ್ದ ಹುಡುಗಿ ಈಗ ತೊದಲಲಿಲ್ಲ, ನೆಲ ನೋಡಲಿಲ್ಲ. ಓದಿ, "ಅಮ್ಮಾ, ಓದುವ ಮನಿ ಅಂದ್ರ ನಮ್ಮ ಸಾಲಿ. ಮೇಯುವ ಮನಿ ಅಂದ್ರ ಇದು. ಕಲ್ಲಂದ್ರ ಕಲ್ಲು" ಎಂದಳು.

"ಪಶು?"

ಮಲ್ಕಮ್ಮ ಎಮ್ಮೆಯ ಕಡೆ ಬೆರಳು ತೋರಿಸಿದಳು. ಆ ಸಾಲಿನಲ್ಲಿ ಗೌಡರೂ ನಿಂತಿದ್ದರು, ಆದರೆ ಅದು ಹುಡುಗಿಯ ತಪ್ಪಲ್ಲ.

ಮುದುಕಿ ಮಗನ ಕಡೆ ತಿರುಗಿದರು. "ಚಂದ್ರಾಮಾ, ಹಂಗಾರ ನಾ ದಿನಾ ಎದ್ದು ಹಾಲ ಹಾಕಿ ವಿಭೂತಿ ಹಚ್ಚಿದ್ದು ನಿನ್ನ ಕಳವಿಗೇನೋ?"

ಹೆಂಗಸರ ಗುಂಪಿನಲ್ಲಿ ಯಾರೋ ಸೆರಗು ಬಾಯಿಗಿಟ್ಟುಕೊಂಡರು. ಸೆರಗು ಸಾಲಲಿಲ್ಲ. ನಗು ಬಾಗಿಲಿಂದ ಅಂಗಳಕ್ಕೆ, ಅಂಗಳದಿಂದ ಊರ ಅಗಸಿಬಾಗಿಲಿಗೆ ಹೋಯಿತು.

"ಒರಸ್ರಿ ಅದನ್ನ!" ಎಂದು ಗೌಡರು ಗುಡುಗಿದರು. ದೊಡ್ಡಪ್ಪನವರು ಗಾಬರಿಯಾಗಿ ತಮ್ಮ ಧೋತರದ ಚುಂಗಿನಿಂದಲೇ ತಿಕ್ಕಿದರು. ವಿಭೂತಿ ಹೋಯಿತು, ಅಕ್ಷರ ಇನ್ನೂ ಸ್ವಚ್ಛ ಕಂಡವು.

"ಉಳಿ ತರ್ರಿ! ಕೆತ್ತಿ ತೆಗೀರಿ!"

ಸುಂದರಬಾಯಿ ಹೋಗಿ ಕಲ್ಲಿಗೆ ಬೆನ್ನು ಹಚ್ಚಿ ಕುಳಿತರು. ಸಾವಕಾಶವಾಗಿ, ಎಲೆ ಅಡಿಕೆ ಹಾಕಿಕೊಳ್ಳಲು ಕುಳಿತವರ ಹಾಗೆ. "ಮೊದಲ ನನ್ನ ಬೆನ್ನ ಕೆತ್ತು. ಆಮ್ಯಾಲ ಕಲ್ಲ. ನಾ ಒಮ್ಮಿ ಹಾಲ ಹಾಕಿದ್ದಕ್ಕ ಉಳಿ ಹಚ್ಚಾಕ ಬಿಡಂಗಿಲ್ಲ."

ತಾಯಿಯ ಮೇಲೆ ನಡೆಯದ ಸಿಟ್ಟು ಬಾಗಿಲ ಕಡೆ ಹೊರಳಿತು. "ಸಾಬವ್ವಾ! ನಾಳಿಂದ ನೀ ನನ್ನ ಹೊಲದ ಕಡಿ ಹಾಯಬ್ಯಾಡ!"

ಸಾಬವ್ವ ಇಷ್ಟು ಹೊತ್ತು ಮಗಳ ಬಾಯಿಯನ್ನೇ ನೋಡುತ್ತ ನಿಂತಿದ್ದಳು. ಈಗ ಕುಡಗೋಲು ಸೆರಗಿನಿಂದ ತೆಗೆದಳು. ಗೌಡರು ಒಂದು ಹೆಜ್ಜೆ ಹಿಂದೆ ಸರಿದರು. ಅವಳು ಅದನ್ನು ಮೆಲ್ಲಗೆ ಅವರ ಕಾಲ ಬಳಿ ನೆಲಕ್ಕಿಟ್ಟಳು. "ಆತ್ರಿ. ತೊಗರಿ ಒಣಗಿ ಸಿಡಿಯಾಕತ್ತದ. ನಿಮ್ಮ ಶರಣರಿಗಿ ಹೇಳ್ರಿ, ಬಂದು ಕೊಯ್ತಾರ."

ಹಿಂದೆ ನಿಂತ ಹೆಂಗಸರೂ ಕುಡಗೋಲು ಇಟ್ಟರು. ಒಂದರ ಮೇಲೊಂದು ಕಬ್ಬಿಣ ಬೀಳುವ ಸದ್ದು ಎಮ್ಮೆಗಳಿಗೆ ಹಿಡಿಸಲಿಲ್ಲ; ಒಂದು ಗೂಟ ಕಿತ್ತುಕೊಂಡು ಹೊರಗೆ ಹೋಯಿತು.

ಉಳಿದವರು ಮಾಸ್ತರರೊಬ್ಬರೇ. ಗೌಡರು ಅವರ ಮೂಗಿನ ಹತ್ತಿರ ಬೆರಳು ತಂದರು. "ನಿನ್ನ ಭೀಮಾ ಹೊಳಿ ದಾಟಿಸಿ ಒಗೀತೇನಿ. ಜೇವರ್ಗಿ ಆಚಿ, ನಿನ್ನ ಹೆಸರೂ ಕೇಳಬಾರದ ಊರಿಗಿ!"

ದೇವೀಂದ್ರಪ್ಪನವರ ನಾಲಿಗೆ ಆಳಂದದ ಸಭೆಯಲ್ಲಿ ಹೋದ ಹಾಗೆಯೇ ಮುಂದೆ ಹೋಯಿತು, ಆದರೆ ಈ ಸಲ ಅವರೂ ಅದರ ಸಂಗಡವೇ ಹೋದರು.

"ಒಗೀರಿ ಗೌಡ್ರ. ಅಲ್ಲೂ ಫರಸಿ ಕಲ್ಲ ಅದಾವ. ಅಲ್ಲೂ ಹುಡುಗ್ರ ಅದಾವ. ಸೈಕಲ್ ಕಡ್ಡಿ ನಾ ಒಯ್ತೇನಿ."

ದೌಲತರಾಯ ಸಾಹೇಬರು ಕೆಮ್ಮಿದರು. ಅಧಿಕಾರಿಗಳ ಕೆಮ್ಮಿಗೆ ಜನ ಸುಮ್ಮನಾಗುವುದು ನಿಜಾಮನ ಕಾಲದಿಂದ ಬಂದ ರೂಢಿ. "ತಗಾದಿ ಬ್ಯಾಡ. ನಾ ಬಂದದ್ದು ಹುಡುಗ್ರು ಬರೀತಾರೋ ಇಲ್ಲೋ ನೋಡಾಕ. ಏ ಕೂಸ, ಇದ ನೀನ ಬರದಿದ್ರ ನನ್ನ ಮುಂದ ಇನ್ನೊಂದ ಬರಿ ನೋಡೋಣ."

ಮಲ್ಕಮ್ಮ ಮಾಸ್ತರರ ಮುಖ ನೋಡಿದಳು. ಸಾಬವ್ವ ಮಗಳ ಕೈ ನೋಡಿದಳು.

"ಹೇಳ್ಯಾರಂತ ಬರೀಬ್ಯಾಡ" ಎಂದರು ಮಾಸ್ತರರು. "ಮನಸ್ಸಿದ್ರ ಬರಿ."

ಬಂದೇನವಾಜ ಕಿಸೆಯಿಂದ ಕಡ್ಡಿ ತೆಗೆದು ಚಾಚಿದ. ಸುಂದರಬಾಯಿ ಕುಳಿತಿದ್ದ ಕಲ್ಲಿನ ಪಕ್ಕದ ಕಲ್ಲಿನ ಮುಂದೆ ಮಲ್ಕಮ್ಮ ಮೊಳಕಾಲೂರಿದಳು. ಕಬ್ಬಿಣ ಕಲ್ಲನ್ನು ಕೆರೆಯುವ ಸದ್ದಿಗೆ ಸಾಹೇಬರ ಹಲ್ಲು ಜುಮ್ಮೆಂದವು, ಆದರೂ ಅವರು ಕಿವಿ ಮುಚ್ಚಲಿಲ್ಲ. ಊರು ಕತ್ತು ಚಾಚಿ ಒಂದೊಂದೇ ಅಕ್ಷರ ಕಾಯಿತು. ಮುಗಿದ ಮೇಲೆ ಸಾಹೇಬರೇ ಗಟ್ಟಿಯಾಗಿ ಓದಿದರು:

"ಒರಸು ಎಂದರು ಗೌಡರು,
ಬರಿ ಎಂದರು ಗುರುಗಳು.
ಕಲ್ಲು ಮಾತಾಡಲಿಲ್ಲವಯ್ಯಾ,
ಸುಮ್ಮನೆ ಬೆನ್ನು ಕೊಟ್ಟಿತು,
ಹಿತ್ತಲ ಕಲ್ಲಿನಾಥ."

"ಆಹಾ!" ಎಂದರು ದೊಡ್ಡಪ್ಪನವರು, ಅಭ್ಯಾಸ ಬಲದಿಂದ. "ಇಲ್ಲಿ ಬೆನ್ನು ಅಂದ್ರ..."

"ಬೆನ್ನಂದ್ರ ಬೆನ್ನು" ಎಂದರು ಸುಂದರಬಾಯಿ.

ಸಾಬವ್ವ ಮುಂದೆ ಬಂದು, ಓದಲು ಬಾರದ ಬೆರಳಿನಿಂದ ಆ ಅಕ್ಷರಗಳನ್ನು ಮುಟ್ಟಿ ನೋಡಿದಳು. "ಇದು ಸಾಲಿ ಬಿಡಂಗಿಲ್ರಿ" ಎಂದು ಯಾರಿಗೆಂದು ಇಲ್ಲದೆ ಹೇಳಿದಳು. "ಕರ ಬೇಕಂದ್ರ ತಮ್ಮ ತಾವ ಕಾಯ್ಕೋತಾವ."

ಜೀಪು ಹತ್ತುವಾಗ ಸಾಹೇಬರು ಮಾಸ್ತರರನ್ನು ಪಕ್ಕಕ್ಕೆ ಕರೆದು, ಡ್ರೈವರನಿಗೂ ಕೇಳದ ಹಾಗೆ, "ದೊಡ್ಡವರಿಗೂ ಅಂಕಿತ ಕೊಡ್ತೀರೇನ್ರಿ?" ಎಂದು ಕೇಳಿದರು. ಮಾಸ್ತರರು "ಹಾಜರ್ ಸಾರ್" ಎಂದರು.

ಮರುದಿನ ಗೌಡರು ಎದ್ದು ನೋಡುವಷ್ಟರಲ್ಲಿ ಎಮ್ಮೆಗಳು ಬೇವಿನ ಮರದ ಕೆಳಗಿದ್ದವು, ನಾಲ್ಕನೇ ಇಯತ್ತೆ ದನದ ಮನೆಯಲ್ಲಿತ್ತು. ದೇವೀಂದ್ರಪ್ಪನವರು ಬೋರ್ಡ್ ಹೊತ್ತುಕೊಂಡು ಬಂದು, ಶಾಲೆಗೆ ಬರದ ಕಲ್ಲಿನ ಹತ್ತಿರ ಶಾಲೆಯನ್ನೇ ತಂದಿದ್ದರು. ಗೌಡರು ಆಳುಗಳನ್ನು ಕರೆದರು. ಆಳುಗಳು ಸುಂದರಬಾಯಿಯನ್ನು ನೋಡಿದರು. ಅವರು ಬಾಗಿಲಲ್ಲಿ ಕುಳಿತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಹೊಲದಲ್ಲಿ ತೊಗರಿ ಚಟಚಟ ಸಿಡಿಯುವ ಸದ್ದು ಊರತನಕ ಕೇಳಿಸುತ್ತಿತ್ತು. ಅಂದು ಸಂಜೆ ಗೌಡರೇ ಕುಡಗೋಲುಗಳನ್ನು ಬುಟ್ಟಿಯಲ್ಲಿ ಹೊರಿಸಿಕೊಂಡು ಸಾಬವ್ವನ ಓಣಿಗೆ ಬಂದದ್ದನ್ನು ಕಂಡವರಿದ್ದಾರೆ. ಮಾಸ್ತರರ ವರ್ಗಾವಣೆಯ ಆರ್ಡರು ಮಾತ್ರ ಬರುತ್ತದೆ ಬರುತ್ತದೆ ಎಂದು ಗೌಡರು ಹೇಳುತ್ತಲೇ ಇದ್ದರು. ಬರಲಿ ಎಂದು ಸುಭದ್ರಾಬಾಯಿ ಟ್ರಂಕನ್ನು ಕಟ್ಟಿಯೇ ಇಟ್ಟಿದ್ದಳು. ಬೀಗದ ಕೈ ಒಳಗೇ ಉಳಿದಿತ್ತು. ಗಂಡನೊಂದಿಗೆ ಬಹಳ ವರ್ಷ ಬಾಳಿದರೆ ಹೀಗಾಗುತ್ತದೆ.

ಆ ವಾರವೇ ಒಂದು ಮಧ್ಯಾಹ್ನ ಮಾಸ್ತರರು ಮಕ್ಕಳ ನಡುವೆ ತಿರುಗುತ್ತಿದ್ದರು. ಯಾರಿಗೂ ಹೊಟ್ಟೆ ನೋವಿರಲಿಲ್ಲ. ಮಲ್ಕಮ್ಮ ಪಾಟಿಯ ತುಂಬ ಬರೆದಿದ್ದಳು. ಅವರು ಬಗ್ಗಿ ಓದಿದರು, ಖುಷಿಯಾದರು, ತೋಳು ಎಂದಿನಂತೆ ತಾನೇ ಪಾಟಿಯ ಕಡೆ ಹೋಯಿತು. ಅರ್ಧ ದಾರಿಯಲ್ಲಿ ಅದಕ್ಕೆ ನೆನಪಾಯಿತು. ಕೈ ಸುಟ್ಟುಕೊಂಡವರ ಹಾಗೆ ಹಿಂದಕ್ಕೆಳೆದುಕೊಂಡು, "ತಪ್ಪಾತು ಬೇ! ನಾ ಒರಸಂಗಿಲ್ಲ! ಯಾರೂ ಒರಸಂಗಿಲ್ಲ!" ಎಂದರು.

ಮಲ್ಕಮ್ಮ ಪಾಟಿಯನ್ನು ದೂರ ಹಿಡಿದು, ಹುಬ್ಬು ಗಂಟಿಕ್ಕಿ, ಇನ್ನೊಮ್ಮೆ ಓದಿಕೊಂಡಳು.

"ಇದು ಛಲೋ ಆಗಿಲ್ರಿ" ಎಂದಳು. ಆಮೇಲೆ ಅಂಗೈಗೆ ಉಗುಳಿಕೊಂಡು, ಮಾಸ್ತರರು ಬ್ಯಾಡ ಬ್ಯಾಡ ಎನ್ನುತ್ತಿದ್ದ ಹಾಗೆಯೇ, ಪಾಟಿಯನ್ನು ಕರ್ರಗೆ ಒರೆಸಿದಳು.

"ನೀವಲ್ಲ, ನಾ ಒರಸ್ತೇನಿ. ಸರೀರಿ ಅತ್ಲಾಗ, ಬೆಳಕಿಗಿ ಅಡ್ಡ ನಿಂತೀರಿ. ಮತ್ತ ಬರಿಯಾಕತ್ತೇನಿ."